ಅಡುಗೆ ವ್ಯಾನು ಸಮುದ್ರಕ್ಕೆ ಹೋದದ್ದು

ಬಸ್ಸು ಬಂದು ನಿಲ್ಲುವಾಗ ಬ್ರೇಕಿನ ಗಾಳಿಯನ್ನು ಹೊರಗೆ ಬಿಡುತ್ತದಲ್ಲ, ‘ಪುಸ್ಸ್’ ಎಂದು, ಆ ಸದ್ದು ಕಿವಿಗೆ ಬಿದ್ದರೆ ನನ್ನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತುಬಿಡುತ್ತದೆ. ಶಿರಸಿಯ ಬಸ್ ನಿಲ್ದಾಣದ ಎದುರಿಗೇ ಹೊಲಿಗೆ ಅಂಗಡಿ ಇಟ್ಟುಕೊಂಡವಳಿಗೆ ಇದು ಒಳ್ಳೆಯ ಅಭ್ಯಾಸವಲ್ಲ. ಕುಮಟೆಯ ಬಸ್ಸು, ಹುಬ್ಬಳ್ಳಿಯ ಬಸ್ಸು, ಸಿದ್ದಾಪುರದ ಬಸ್ಸು ಎಂದು ಒಂದರ ಬೆನ್ನಿಗೆ ಒಂದು ಬರುತ್ತವೆ, ನಾನು ಒಂದೊಂದಕ್ಕೂ ತಲೆ ಎತ್ತುತ್ತೇನೆ. ಯಾರಾದರೂ ಬರುವವರಿದ್ದಾರಾ ಎಂದು ಗಿರಾಕಿಗಳು ಕೇಳುತ್ತಾರೆ. ಮೊನ್ನೆ ಹೀಗೆ ತಲೆ ಎತ್ತಿ ಇಳಿಸುವುದರೊಳಗೆ ಒಬ್ಬರ ರವಿಕೆಗೆ ಎಡಗಡೆಯ ತೋಳನ್ನು ಬಲಗಡೆಗೆ ಹಚ್ಚಿ ಹೊಲಿದಿದ್ದೆ. ಬಿಚ್ಚಿ ಹೊಲಿದುಕೊಟ್ಟೆ. ಅವರು ಪುಣ್ಯಾತ್ಗಿತ್ತಿ, ಬೈಯಲಿಲ್ಲ, ವಯಸ್ಸಾಯಿತು ನಿಮಗೂ ಎಂದಷ್ಟೇ ಹೇಳಿದರು. ಅದಕ್ಕಿಂತ ಬೈದಿದ್ದರೇ ಒಳ್ಳೆಯದಿತ್ತು.

ತಿಮಿಂಗಿಲ ನೆನಪಾಗುತ್ತದೆ ಎಂದು ಅವರಿಗೆ ಹೇಗೆ ಹೇಳುವುದು? ಘಟ್ಟದ ಮೇಲೆ ಕೂತು ರವಿಕೆ ಹೊಲಿಯುವವಳಿಗೆ ಎಲ್ಲಿಯ ತಿಮಿಂಗಿಲ ಎಂದು ನಕ್ಕಾರು. ನಿಮಗಾದರೆ ಹೇಳಬಹುದು, ನೀವು ಹೇಗೂ ಓದಲು ಕೂತಿದ್ದೀರಿ.

ಸಮುದ್ರ ನಮಗೇನು ದೂರವಲ್ಲ. ದೇವಿಮನೆ ಘಟ್ಟ ಇಳಿದರೆ ಆಯಿತು. ಆದರೆ ನಮ್ಮ ಮನೆಗಳಲ್ಲಿ ಸಮುದ್ರಕ್ಕೂ ನಮಗೂ ನಡುವೆ ಪಂಚಾಂಗ ಅಡ್ಡ ಇರುತ್ತಿತ್ತು. ಹುಣ್ಣಿಮೆ ಅಮಾವಾಸ್ಯೆಯಂಥ ಪರ್ವದ ದಿನ ಬಿಟ್ಟರೆ ಸಮುದ್ರವನ್ನು ಮುಟ್ಟಬಾರದು, ನೋಡಿ ಕೈಮುಗಿಯಬೇಕು ಅಷ್ಟೆ. ಚಿಕ್ಕವರಿದ್ದಾಗ ಅಪ್ಪ ನನ್ನನ್ನೂ ಅಕ್ಕನನ್ನೂ ಗೋಕರ್ಣಕ್ಕೆ ಕರೆದುಕೊಂಡು ಹೋಗಿದ್ದರು. ಅದು ಯಾವುದೋ ಪಂಚಮಿಯೋ ಷಷ್ಠಿಯೋ. ನೀರಿನಿಂದ ಮಾರು ದೂರ ನಿಲ್ಲಿಸಿ ಕೈ ಮುಗಿಸಿದರು. ಅಪ್ಪ ಕಣ್ಣು ಮುಚ್ಚಿದ್ದೇ ತಡ, ಅಕ್ಕ ಓಡಿಹೋಗಿ ಕಾಲಿನ ಹೆಬ್ಬೆರಳು ಅದ್ದಿ ಬಂದಳು. ವಾಪಸು ಬರುವಾಗ ಘಟ್ಟ ಹತ್ತುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಏನಾದರೂ ಆಗಿಬಿಟ್ಟರೆ ಎಂದು ನನಗೆ ಅವಳಿಗಿಂತ ಹೆಚ್ಚು ಹೆದರಿಕೆಯಿತ್ತು. ಬೆರಳಿಗೆ ಏನೂ ಆಗಲಿಲ್ಲ. ಅಕ್ಕನ ಆಸೆಗೆ ಮಾತ್ರ ಅವತ್ತೇ ಉಪ್ಪು ಹತ್ತಿತು ಎಂದು ಕಾಣುತ್ತದೆ.

ಅವಳನ್ನು ಗಣಪತಿ ಭಾವನಿಗೆ ಕೊಟ್ಟರು. ಭಾವ ಅಡುಗೆ ಭಟ್ಟರು. ಮದುವೆ, ಉಪನಯನ, ತಿಥಿ, ಗೃಹಪ್ರವೇಶ, ಎಲ್ಲಿ ಎಲೆ ಹಾಕಿದರೂ ಅಲ್ಲಿ ಅವರ ಕೊಪ್ಪರಿಗೆ. ಮಾತು ಕಡಿಮೆ. ಐನೂರು ಜನರ ಸಾರಿಗೆ ಉಪ್ಪನ್ನು ಬೊಗಸೆಯಲ್ಲಿ ಎತ್ತಿ ಒಂದೇ ಸಲ ಹಾಕುವವರು, ಮತ್ತೆ ರುಚಿ ನೋಡುವ ಪದ್ಧತಿಯೇ ಇಲ್ಲ. ಆದರೆ ಇಬ್ಬರಿಗೆ ಅಡುಗೆ ಮಾಡಿ ಎಂದರೆ ಅಳತೆಯೇ ತಿಳಿಯುತ್ತಿರಲಿಲ್ಲ. ಒಮ್ಮೆ ಅಕ್ಕನಿಗೆ ಜ್ವರ ಬಂದಾಗ ನಾನು ನೋಡಲು ಹೋಗಿದ್ದೆ, ಭಾವ ತಿಳಿಸಾರು ಮಾಡಿದ್ದರು. ಸಾರು ಕೊಡುವುದಕ್ಕೆ ಅಕ್ಕಪಕ್ಕದ ಮನೆಗಳು ಸಾಲದೆ, ನಾನು ಬರುವಾಗ ಕೊಡಪಾನದಲ್ಲಿ ಹೊತ್ತುಕೊಂಡು ಬಂದೆ. ಹೀಗಾಗಿ ಮನೆಯ ಅಡುಗೆ ಯಾವಾಗಲೂ ಅಕ್ಕನದು. ದೊಡ್ಡ ಅಡುಗೆಗೂ ಅವಳು ಅವರ ಜೊತೆಗೆ ಹೋಗುತ್ತಿದ್ದಳು. ಹೋಳಿಗೆ ಬೇಯಿಸಲು ಅವಳೇ ಬೇಕು. ಚಪ್ಪರದ ಹಿಂದೆ, ಹಸಿ ಕಟ್ಟಿಗೆಯ ಹೊಗೆಯಲ್ಲಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಕೂತಿರುತ್ತಿದ್ದಳು.

ಆಮೇಲೆ ಅವಳಿಗೆ ದಮ್ಮು ಹತ್ತಲು ಶುರುವಾಯಿತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ತಲೆ ಬಾಚಿಕೊಳ್ಳುವಾಗ, ಆಮೇಲೆ ಮಾತಾಡುವಾಗ. ಶ್ವಾಸಕೋಶ ಗಟ್ಟಿಯಾಗುತ್ತಿದೆ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿದರು. ಹೊಗೆಯಿಂದಲೂ ಆಗಬಹುದು, ಧೂಳಿನಿಂದಲೂ ಆಗಬಹುದು, ಕಾರಣವೇ ಇಲ್ಲದೆಯೂ ಆಗಬಹುದು ಎಂದರಂತೆ. ಡಾಕ್ಟರು ಹೇಳಿದ ಮೂರರಲ್ಲಿ ಭಾವ ಒಂದನ್ನು ಮಾತ್ರ ಕೇಳಿಸಿಕೊಂಡರು.

ಮನೆಗೆ ಆಕ್ಸಿಜನ್ ಮಷಿನ್ನು ಬಂತು. ಮೊಣಕಾಲಿನೆತ್ತರದ ಸಣ್ಣ ಕಪಾಟಿನಂತೆ, ಕೆಳಗೆ ಗಾಲಿ, ಮೂಗಿಗೆ ಹಾಕಿಕೊಳ್ಳುವ ಉದ್ದ ನಳಿಕೆ. ಅದು ಗುರ್ರ್ ಎನ್ನುತ್ತ ಇರುತ್ತದೆ, ನಡುನಡುವೆ ಟಪ್ ಎಂದು ಪುಸ್ಸೆಂದು ಗಾಳಿ ಬಿಡುತ್ತದೆ. ಹಗಲೂ ರಾತ್ರಿಯೂ ಅದೇ. ಮೊದಮೊದಲು ಆ ಮನೆಗೆ ಹೋದರೆ ನನಗೆ ತಲೆ ಸಿಡಿಯುತ್ತಿತ್ತು. ಆಮೇಲೆ ಅದು ಅಲ್ಲಿಯ ಗಡಿಯಾರದ ಹಾಗೆ ಆಗಿಹೋಯಿತು.

ಕೂತಲ್ಲೇ ಕೂತವಳಿಗೆ ಮೊಬೈಲೇ ಜಗತ್ತು. ನಾವಾದರೆ ಅದರಲ್ಲಿ ಸೀರೆ ನೋಡುತ್ತೇವೆ, ಉಪ್ಪಿನಕಾಯಿ ನೋಡುತ್ತೇವೆ. ಅಕ್ಕ ತಿಮಿಂಗಿಲ ನೋಡುತ್ತಿದ್ದಳು. ಯಾವುದೋ ದೇಶದವರು ಮನೆಯಂಥ ವ್ಯಾನಿನಲ್ಲಿ ಹೆಂಡತಿ ಮಕ್ಕಳ ಜೊತೆ ಸಮುದ್ರದ ದಂಡೆಯುದ್ದಕ್ಕೂ ಹೋಗುತ್ತಾರೆ, ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ, ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ತಿಮಿಂಗಿಲ. ಅಂಥ ವಿಡಿಯೋಗಳು. ನನಗೂ ತೋರಿಸುತ್ತಿದ್ದಳು. ಅದು ಮೇಲೆ ಬಂದು ಉಸಿರು ಬಿಡುವಾಗ ಸದ್ದನ್ನು ಜೋರು ಮಾಡುತ್ತಿದ್ದಳು. ಇದರಲ್ಲೇನಿದೆ ಎಂದು ನಾನು ಒಮ್ಮೆ ಕೇಳಿದೆ. ಅವಳು ಒಂದೊಂದೇ ತುಂಡು ಮಾಡಿ ಹೇಳಿದಳು, “ಅದು ನಿದ್ದೆಲೂ... ಉಸಿರು ತಗಳದ್ನ... ನೆನಪಿಟ್ಕಳವಡ, ತಂಗಿ. ನನ್ನಂಗೇಯ. ಒಂದ್ಸಲ... ಅದ್ರ ಉಸಿರು ಕೇಳವು.”

ಒಂದು ಸಲ ಅದರ ಉಸಿರು ಕೇಳಬೇಕೆಂಬ ಆ ಮಾತನ್ನು ಒಳಗೆ ಭಾವ ಕೇಳಿಸಿಕೊಂಡಿದ್ದರು. ಮರುವಾರದಿಂದ ಅಡುಗೆ ಸಾಮಾನು ಹೊರುವ ಅವರ ವ್ಯಾನಿನ ರೂಪವೇ ಬದಲಾಗತೊಡಗಿತು. ನಮ್ಮ ಸಮುದ್ರದಲ್ಲೂ ಒಮ್ಮೊಮ್ಮೆ ತಿಮಿಂಗಿಲ ಕಾಣುತ್ತದೆಂದು ಯಾರೋ ಹೇಳಿದ್ದರು, ಅಷ್ಟೇ ಸಾಕಾಯಿತು. ಮಷಿನ್ನಿಗೆ ಕರೆಂಟು ಬೇಕಾದ್ದರಿಂದ ಅಕ್ಕನನ್ನು ಯಾವ ವಸತಿಗೃಹಕ್ಕೂ ನಂಬಿ ಕರೆದೊಯ್ಯುವಂತಿರಲಿಲ್ಲ. ಅದಕ್ಕೆಂದು ವ್ಯಾನಿನಲ್ಲೇ ದೊಡ್ಡ ಬ್ಯಾಟರಿ, ಇನ್ವರ್ಟರು. ಮಷಿನ್ನು ಅಲುಗಾಡದಂತೆ ಹಲಗೆಯ ಗೂಡು. ಎರಡು ಮಂಚ. ಕಿಟಕಿಗೆ ಪರದೆ ಹೊಲಿದವಳು ನಾನು. ಅಳತೆ ತಪ್ಪಿ ಗಿಡ್ಡವಾಗಿದ್ದವು. ಭಾವ ಅವನ್ನೇ ಕಟ್ಟಿದರು, ಅಕ್ಕ ದಮ್ಮು ಹತ್ತುವಷ್ಟು ನಕ್ಕಳು. ಎಷ್ಟು ತೊಳೆದರೂ ಆ ವ್ಯಾನಿಗೆ ಹುಳಿಯ ವಾಸನೆ ಹೋಗಲೇ ಇಲ್ಲ.

ಮಳೆ ಕಳೆದು ಸಮುದ್ರ ಶಾಂತವಾದ ಮೇಲೆ ಹೋಗುವುದೆಂದು ಮಾತಾಗಿತ್ತು. ಅಕ್ಕ ಅಷ್ಟು ದಿನ ಉಳಿಯಲಿಲ್ಲ.

ವರ್ಷಾಂತಿಕ ಮುಗಿಯುವವರೆಗೆ ಭಾವ ತಿಂಗಳು ತಿಂಗಳೂ ಕರ್ಮ ಮಾಡುತ್ತ ಮನೆಯಲ್ಲೇ ಇದ್ದರು. ವ್ಯಾನು ಅಂಗಳದ ಮೂಲೆಯಲ್ಲಿತ್ತು. ಅಡುಗೆಗೆ ಕರೆದವರಿಗೆ ಬೇರೆಯವರ ಹೆಸರು ಹೇಳಿ ಕಳಿಸಿದರು. ನಾನು ವಾರಕ್ಕೊಮ್ಮೆ ಹೋದರೆ ಮತ್ತೆ ಅದೇ ಕಥೆ, ಒಬ್ಬರೇ ಉಣ್ಣುವ ಮನೆಯಲ್ಲಿ ದೊಡ್ಡ ಪಾತ್ರೆಯ ತುಂಬ ಅನ್ನ. ಸಣ್ಣ ಪಾತ್ರೆಯಲ್ಲಿ ಮಾಡಿ ಭಾವ ಎಂದರೆ ಹೂಂ ಎನ್ನುತ್ತಿದ್ದರು. ವರ್ಷ ತುಂಬಿದ ಮೇಲೆ ಒಂದು ದಿನ ಅಂಗಡಿಗೇ ಬಂದು, ಮಾಘದ ಹುಣ್ಣಿಮೆಗೆ ಸಮುದ್ರಕ್ಕೆ ಹೋಗುವುದಿದೆ, ನೀನೂ ಬಾ ಎಂದರು. ಅಕ್ಕ ಕೇಳಬೇಕೆಂದದ್ದನ್ನು ಅವರು ಕೇಳಿ ಬರಬೇಕಿತ್ತು. ಅದಾಗದೆ ಅವರಿಗೆ ಮುಂದಿನ ದಿನಗಳಿಲ್ಲ ಎಂಬುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹುಣ್ಣಿಮೆ ಯಾಕೆಂದು ನನಗೂ ಗೊತ್ತಿತ್ತು. ಆ ದಿನವಾದರೆ ಸಮುದ್ರವನ್ನು ಮುಟ್ಟಬಹುದಲ್ಲ.

ವ್ಯಾನು ಹೊಡೆಯುವವನು ಈಶ್ವರ, ಎಕ್ಕಂಬಿಯವನು. ಕೊಪ್ಪರಿಗೆ ಹೊತ್ತು ಭಾವನ ಜೊತೆ ಊರೂರು ತಿರುಗಿದವನು. ಹೊರಡುವ ಬೆಳಗ್ಗೆ ವ್ಯಾನು ಹತ್ತಿ ನೋಡಿದರೆ ಗೂಡಿನಲ್ಲಿ ಆಕ್ಸಿಜನ್ ಮಷಿನ್ನು ಬೆಲ್ಟು ಕಟ್ಟಿಕೊಂಡು ಕೂತಿದೆ. ಇದು ಯಾಕೆ ಭಾವ ಎಂದೆ. “ಇರ್ಲಿ. ಅದ್ರ ಜಾಗ ಅಲ್ಲೇಯ” ಎಂದರು. ಈಶ್ವರ ಕನ್ನಡಿ ಒರೆಸುತ್ತಿದ್ದವನು ಒಮ್ಮೆ ಮಷಿನ್ನಿನ ಕಡೆ ನೋಡಿ, ಮತ್ತೆ ಅದೇ ಕನ್ನಡಿಯನ್ನು ಒರೆಸಿದ.

ಘಟ್ಟ ಇಳಿದು, ಕುಮಟೆ ದಾಟಿ, ಹೊನ್ನಾವರ ದಾಟಿ, ಹೆದ್ದಾರಿ ಬಿಟ್ಟು ಒಳಗೆ ಹೋದೆವು. ಗುಡ್ಡದ ಆಚೆ ಮೀನುಗಾರರ ನಾಲ್ಕಾರು ಮನೆಗಳಿರುವ ಒಂದು ಸಣ್ಣ ದಂಡೆ. ಮರಳು ಒದ್ದೆಯಾಗಿ, ಸೆಗಣಿ ಸಾರಿಸಿದ ಅಂಗಳದಷ್ಟು ಗಟ್ಟಿಯಾಗಿತ್ತು. ನೀರು ಎಲ್ಲೋ ದೂರದಲ್ಲಿ. ಬಾಗಿಲು ತೆಗೆದರೆ ಎದುರಿಗೇ ಸಮುದ್ರ ಕಾಣಬೇಕೆಂದು ಭಾವ ವ್ಯಾನನ್ನು ಆ ಗಟ್ಟಿ ಮರಳಿನ ಮೇಲೆಯೇ ನಿಲ್ಲಿಸಿದರು. ಒಬ್ಬ ಮುದುಕ ದೂರದಿಂದ ಏನೋ ಕೂಗಿ ಕೈ ಬೀಸಿದ. ನಾವು ಮೂವರೂ ಬಹಳ ಸಂತೋಷದಿಂದ ಅವನಿಗೆ ಕೈ ಬೀಸಿದೆವು.

ಹುಣ್ಣಿಮೆಯ ದಿನ ಭರತ, ಅಂದರೆ ಸಮುದ್ರದ ಉಬ್ಬರ, ಎಲ್ಲ ದಿನಕ್ಕಿಂತ ಮೇಲೆ ಬರುತ್ತದೆ ಎಂಬುದು ದಂಡೆಯ ಮಕ್ಕಳಿಗೂ ಗೊತ್ತಂತೆ. ಘಟ್ಟದ ಮೇಲಿನ ನಮಗೆ ಹುಣ್ಣಿಮೆಯೆಂದರೆ ಮುಟ್ಟಬಹುದಾದ ದಿನ, ಅಷ್ಟೆ. ಭಾವ ಸೊಂಟದವರೆಗಿನ ನೀರಿಗಿಳಿದು ಮುಳುಗು ಹಾಕಿದರು, ತರ್ಪಣ ಕೊಟ್ಟರು. ನಾನು ಅಕ್ಕನನ್ನು ನೆನೆಸಿಕೊಂಡು ಎರಡೂ ಪಾದ ನೆನೆಸಿ ನಿಂತೆ. ಬಟ್ಟೆ ಬದಲಿಸಿ, ಸ್ಟೋವು ಹಚ್ಚಿ, ಅವಲಕ್ಕಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಈಶ್ವರನ ದನಿ ಕೇಳಿತು. “ಭಟ್ರ, ನೀರು ಗಾಲಿಗೆ ಬಂತ್ರಿ.” ಅವನ ದನಿಯಲ್ಲಿ ಗಾಬರಿ ಇರಲಿಲ್ಲ, ಅನುಮಾನವಿತ್ತು. ಅಷ್ಟರಲ್ಲಿ ಹಿಂದಿನ ಗಾಲಿಗಳು ಅರ್ಧ ಮರಳಿನೊಳಗೆ ಇಳಿದಿದ್ದವು.

ಆ ದಂಡೆಯ ಗಂಡಸರು ಹೆಂಗಸರು ಎಲ್ಲ ಬಂದರು. ದೋಣಿ ಎಳೆಯುವ ಹಗ್ಗ ಕಟ್ಟಿ, ಗಾಲಿಯ ಅಡಿಗೆ ತೆಂಗಿನ ಮಡಲು ಹಾಕಿ, ಹಾಡಿನಂಥದ್ದೇನೋ ಹೇಳುತ್ತ ಎಳೆದರು. ನಾನು ಅವಲಕ್ಕಿಯ ಬಾಣಲೆಯನ್ನು ಎದೆಗೆ ಅಪ್ಪಿಕೊಂಡು ತೆಂಗಿನ ಮರದ ಬುಡದಲ್ಲಿ ನಿಂತಿದ್ದೆ. ಅಷ್ಟೆಲ್ಲ ಸಾಮಾನಿನಲ್ಲಿ ಅದನ್ನೇ ಯಾಕೆ ಉಳಿಸಬೇಕೆನಿಸಿತೋ ತಿಳಿಯದು. ಭಾವ ಮಾತ್ರ ಮಷಿನ್ನನ್ನು ಬಿಚ್ಚಿ, ಎತ್ತಿ, ಹೆಗಲ ಮೇಲಿಟ್ಟುಕೊಂಡು ಮೊದಲು ದಡಕ್ಕೆ ಬಂದವರು. ವ್ಯಾನು ಒಣ ಮರಳಿಗೆ ಬಂದ ಮೇಲೆ, ಇಂಥ ದಿನ ಯಾರಾದರೂ ಇಲ್ಲಿ ಗಾಡಿ ಹಚ್ಚುತ್ತಾರಾ ಎಂದು ಆ ಮುದುಕ ಕೇಳಿದ. ಪಂಚಾಂಗ ನೋಡಿಯೇ ಬಂದದ್ದು ಎಂದರು ಭಾವ.

ಅವತ್ತು ಅವರ ಕೈಗೆ ಸರಿಯಾದ ಅಳತೆ ಸಿಕ್ಕಿತು. ಮೀನುಗಾರರ ಮನೆಗಳಿಂದ ದೊಡ್ಡ ಪಾತ್ರೆಗಳು ಬಂದವು, ಹತ್ತಿರದ ಅಂಗಡಿಯಿಂದ ಅಕ್ಕಿ ಬೆಲ್ಲ ಬಂತು. ಮೂರು ಕಲ್ಲಿಟ್ಟು ಒಲೆ ಹೂಡಿ ಭಾವ ಇಡೀ ದಂಡೆಗೆ ಅಡುಗೆ ಮಾಡಿದರು. ವರ್ಷದ ಮೇಲೆ ಅವರ ಬೆನ್ನು ನೆಟ್ಟಗಾದದ್ದನ್ನು ಕಂಡೆ. ನಾವು ಬಂದ ಕಾರಣ ತಿಳಿದ ಮುದುಕ ಊಟ ಮಾಡುತ್ತ, ಎದುರಿನ ಕಲ್ಲುದ್ವೀಪದ ಆಚೆ ಎರಡು ವಾರದಿಂದ ಒಂದು ದೊಡ್ಡದು ಕಾಣುತ್ತಿದೆ, ನಾಳೆ ಬೆಳಗ್ಗೆ ದೋಣಿಯಲ್ಲಿ ಕರೆದೊಯ್ಯುತ್ತೇವೆ ಎಂದ. ಅದು ದೇವರಂಥದ್ದು, ಅದರ ಕಡೆ ಬೆರಳು ತೋರಿಸಬಾರದು ಎಂದೂ ಹೇಳಿದ.

ಇನ್ನೂ ಪಾಯಸ ಕುದಿಯುತ್ತಿದ್ದಾಗಲೇ ನಡೆದ ಒಂದು ಸಂಗತಿ ಹೇಳಬೇಕು. ಈಶ್ವರ ಕಟ್ಟಿಗೆ ಮುರಿಯುತ್ತ ಫೋನನ್ನು ಸ್ಪೀಕರಿಗೆ ಹಾಕಿ ತನ್ನ ಅಕ್ಕ ಗಿರಿಜವ್ವನ ಜೊತೆ ಮಾತಾಡುತ್ತಿದ್ದ. ಗಂಡ ತೀರಿಕೊಂಡವಳು, ತಮ್ಮನ ಮನೆಯಲ್ಲೇ ಇರುವವಳು. “ಆರಾಮ... ಅದೀನೋ. ನೀನು... ಉಂಡ್ಯಾ?” ಎಂದಳು ಅವಳು. ಅಷ್ಟಕ್ಕೇ ಎರಡು ಸಲ ನಿಂತಳು. ಪಾಯಸ ತಿರುವುತ್ತಿದ್ದ ಭಾವನ ಸೌಟು ನಿಂತಿತು. ಆ ರೀತಿ ತುಂಡಾಗುವ ಮಾತನ್ನು ನಾವಿಬ್ಬರೂ ಎಲ್ಲಿ ಕೇಳಿದರೂ ಗುರುತಿಸುತ್ತೇವೆ. ಈಶ್ವರ ಫೋನು ಕಿಸೆಗಿಟ್ಟು ಮತ್ತೆ ಕಟ್ಟಿಗೆಗೆ ಕೈ ಹಾಕಿದ. ಡಾಕ್ಟರು ಮಷಿನ್ನು ಬೇಕೆಂದಿದ್ದಾರೆ, ಇನ್ನೂ ಸಿಕ್ಕಿಲ್ಲ ಎಂದು ಆಮೇಲೆ ನಾನು ಕೇಳಿದ್ದಕ್ಕೆ ಹೇಳಿದ. ಭಟ್ಟರ ಹತ್ತಿರ ಕೇಳಬಾರದಿತ್ತಾ ಎಂದೆ. ಹೇಗೆ ಕೇಳಲಿ ಅಕ್ಕಾರೆ ಎಂದು ಅವನೇ ನನ್ನನ್ನು ಕೇಳಿದ. 

ಆ ರಾತ್ರಿ ನನ್ನನ್ನು ಮೀನುಗಾರರ ಒಂದು ಮನೆಯಲ್ಲಿ ಮಲಗಿಸಿದ್ದರು. ಬೆಳಕು ಹರಿದ ಮೇಲೆ ಎದ್ದು ವ್ಯಾನಿನ ಕಡೆ ಹೋದರೆ ಈಶ್ವರ ಹೊರಗೆ ನಿಂತಿದ್ದ. ಒಳಗಿಂದ ಮಷಿನ್ನಿನ ಸದ್ದು ಬರುತ್ತಿತ್ತು, ಗುರ್ರ್, ಟಪ್, ಪುಸ್ಸ್. ಗಿಡ್ಡ ಪರದೆಯ ಕೆಳಗಿಂದ ನೋಡಿದೆ. ಒಂದು ಮಂಚದ ಮೇಲೆ ಭಾವ ಮಲಗಿದ್ದರು. ಇನ್ನೊಂದು ಮಂಚದ ಮೇಲೆ ಹಾಸಿಗೆ ಹಾಸಿತ್ತು, ಮಷಿನ್ನಿನ ನಳಿಕೆ ಆ ದಿಂಬಿನ ಮೇಲಿತ್ತು. ಅವರಿಗೆ ಎಚ್ಚರವಿತ್ತು. ನನ್ನನ್ನು ಕಂಡು ಎದ್ದು ಕೂತರು. ಅವರೇ ಹೇಳಿದರು.

“ಮನೆಲೂ ಹಚ್ಚೇ ಮನಿಕ್ಯಂಬದು ಕೂಸೆ. ಬಂದ್ ಮಾಡಿರೆ ನಿದ್ದೆ ಬತ್ತಿಲ್ಲೆ. ಶಬ್ದ ನಿಂತ ಕೂಡ್ಲೆ ಎದ್ದು ಕೂತ್ಕತ್ತೆ, ಅದಕ್ಕೆ ಎಂತ ಆತು ಹೇಳಿ ನೋಡಲೆ.”

‘ಅದಕ್ಕೆ’ ಎಂದರೆ ಅಕ್ಕನಿಗೆ, ನಮ್ಮ ಕಡೆ ಹೆಂಗಸರನ್ನು ಹಾಗೇ ಹೇಳುವುದು. ಒಂದು ವರ್ಷದಿಂದ ಆ ಮನೆಗೆ ಹೋಗಿ ಬರುತ್ತಿದ್ದ ನನಗೆ ಇದು ತಿಳಿದಿರಲಿಲ್ಲ. ನಾನು ಹೋಗುತ್ತಿದ್ದದ್ದು ಹಗಲಲ್ಲಿ, ಪಾತ್ರೆ ದೊಡ್ಡದಾಯಿತು ಎಂದು ಹೇಳಿ ಬರುವುದಕ್ಕೆ. 

ದೋಣಿ ಕಲ್ಲುದ್ವೀಪದ ಆಚೆ ಹೋದ ಮೇಲೆ ಮುದುಕ ಎಂಜಿನ್ ನಿಲ್ಲಿಸಿದ. ಸಮುದ್ರ ಅಲ್ಲಾಡದೆ ಬಿದ್ದಿತ್ತು. ನಾನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ, ತಿಮಿಂಗಿಲ ಬಂದರೂ ಸರಿ ಬರದಿದ್ದರೂ ಸರಿ, ದಡ ಬಂದರೆ ಸಾಕು ಎಂಬ ಸ್ಥಿತಿ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೆನ್ನ ಹಿಂದೆ ಕೇಳಿತು. ವಿಡಿಯೋದಲ್ಲಿ ಕೇಳಿದ್ದು ಏನೂ ಅಲ್ಲ. ಎಷ್ಟೋ ಹೊತ್ತು ತಡೆಹಿಡಿದದ್ದನ್ನು ಒಮ್ಮೆಗೇ ಬಿಟ್ಟ ಹಾಗೆ, ಅಷ್ಟು ದೊಡ್ಡ ಉಸಿರು. ತಿರುಗಿ ನೋಡಿದರೆ ನೀರಿನ ಹೊಗೆ ಗಾಳಿಯಲ್ಲಿ ಕರಗುತ್ತಿತ್ತು, ಕೆಳಗೆ ಕಪ್ಪು ಬೆನ್ನು ನಿಧಾನ ಹೊರಳಿ ಹೋಗುತ್ತಿತ್ತು. ಮುದುಕ ಕೈ ಮುಗಿದ. ಅದು ಮತ್ತೆರಡು ಸಲ ಮೇಲೆ ಬಂತು, ದೂರ ದೂರ. ಆಮೇಲೆ ಬರಲಿಲ್ಲ.

ಭಾವ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಣ್ಣು ಮುಚ್ಚಿದಲ್ಲೇ ನೀರು ಇಳಿಯುತ್ತಿತ್ತು. ಮುಂದಿನ ಉಸಿರಿಗೆ ಅವರು ಕಾಯುತ್ತಿದ್ದ ರೀತಿಯನ್ನು ನೋಡಲಾರದೆ ನಾನು ಸಮುದ್ರದ ಕಡೆ ತಿರುಗಿದೆ. ಮುಖ ಒರೆಸಿಕೊಂಡು ಅವರು ಹೇಳಿದರು, “ನನ್ನ ಒಲೆ ಹೊಗೆನೇ ಅದ್ರ ತಿಂತು.” ಅಲ್ಲ ಭಾವ, ಡಾಕ್ಟರು ಹಾಗೆ ಹೇಳಲಿಲ್ಲ ಎಂದೆ. ನನ್ನ ಮಾತು ಅವರನ್ನು ಮುಟ್ಟಿತೋ ಇಲ್ಲವೋ. ಎಂಜಿನ್ ಶುರುವಾಯಿತು.

 ಘಟ್ಟ ಹತ್ತಿ ಶಿರಸಿಗೆ ಬಂದು, ಭಾವನ ಮನೆಯ ಕಡೆ ತಿರುಗುವಲ್ಲಿ ಈಶ್ವರ ವೇಗ ಕಡಿಮೆ ಮಾಡಿದ. “ತಿರುಗಿಸಬೇಡ. ಎಕ್ಕಂಬಿಗೆ ಹೊಡಿ, ನಿನ್ನ ಮನೆಗೆ” ಎಂದರು ಭಾವ. ಈಶ್ವರ ಕನ್ನಡಿಯಲ್ಲಿ ಹಿಂದಿನ ಗೂಡನ್ನು ಒಮ್ಮೆ ನೋಡಿ ಗಾಡಿಯನ್ನು ನೇರ ಹೊಡೆದ. 

ಗಿರಿಜವ್ವ ಜಗಲಿಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದಳು. ಅಕ್ಕನೂ ಹಾಗೇ ಕೂರುತ್ತಿದ್ದಳು. ಭಾವ ಮಷಿನ್ನನ್ನು ತಾವೇ ಇಳಿಸಿ ತಂದರು. ಅದರ ಬಾಟಲಿಗೆ ಕಾಯಿಸಿ ಆರಿಸಿದ ನೀರು ಹಾಕಿದರು, ಹಿಂದಿನ ಸ್ಪಂಜನ್ನು ವಾರಕ್ಕೊಮ್ಮೆ ತೊಳೆಯಬೇಕೆಂದು ಈಶ್ವರನಿಗೆ ತೋರಿಸಿದರು, ಬರುವಾಗ ಪೇಟೆಯ ಔಷಧದ ಅಂಗಡಿಯಲ್ಲಿ ಕೊಂಡ ಹೊಸ ನಳಿಕೆಯನ್ನು ಸಿಕ್ಕಿಸಿದರು, ಕಿವಿಯ ಹಿಂದೆ ಅದು ಒತ್ತದಂತೆ ಹತ್ತಿ ಇಡಬೇಕೆಂದರು. ಒಟ್ಟಿಗೆ ಇಷ್ಟು ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಸ್ವಿಚ್ಚು ಹಾಕಿದರು. ಗುರ್ರ್ ಎಂದಿತು. ಗಿರಿಜವ್ವ ಕಣ್ಣು ಮುಚ್ಚಿಕೊಂಡು ಸುಮಾರು ಹೊತ್ತು ಉಸಿರಾಡಿದಳು. ಆಮೇಲೆ ಕಣ್ಣು ತೆರೆದು, ಎಲ್ಲೂ ನಿಲ್ಲದೆ, ಒಂದೇ ದಮ್ಮಿಗೆ ಹೇಳಿದಳು, “ಕೂಡ್ರಿ ಭಟ್ರ, ಚಾ ಕುಡದ ಹೋಗ್ರಿ.”

ಭಾವ ಎದುರಿನ ಬೆಂಚಿನ ಮೇಲೆ ಕೂತರು. ಈಶ್ವರ ಒಳಗಿನಿಂದ ಚಹ ತರುವಷ್ಟರಲ್ಲಿ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಬಾಯಿ ತೆರೆದಿತ್ತು, ಕೈಗಳು ಅಂಗಾತ ಬಿದ್ದಿದ್ದವು. ನಾನು ಎಬ್ಬಿಸಲು ಹೋದೆ, ಗಿರಿಜವ್ವ ಬೇಡವೆಂದು ಕೈ ಮಾಡಿದಳು. ಇವತ್ತು ಮನೆಗೆ ಹೋಗಿ ಈ ಮನುಷ್ಯ ಹೇಗೆ ಮಲಗುತ್ತಾರೋ ಎಂದುಕೊಂಡದ್ದೇ, ವರ್ಷದಿಂದ ತಡೆದಿದ್ದ ಅಳು ನನಗೆ ಅಲ್ಲಿ ಬಂತು. ಸೆರಗು ಬಾಯಿಗಿಟ್ಟುಕೊಂಡು ಗಿರಿಜವ್ವನಿಗೆ ಎಲ್ಲ ಹೇಳಿದೆ, ಸದ್ದು ನಿಂತರೆ ಅವರಿಗೆ ಎಚ್ಚರವಾಗುತ್ತದೆ ಎಂಬುದನ್ನೂ ಹೇಳಿದೆ. ಅವಳು ಕುರ್ಚಿಯನ್ನು ಮಷಿನ್ನಿನ ಹತ್ತಿರಕ್ಕೆ ಎಳೆದುಕೊಂಡು, ನಳಿಕೆಯನ್ನು ಸರಿಮಾಡಿಕೊಂಡಳು. ಹೊತ್ತು ಮುಳುಗುವವರೆಗೆ ಮಷಿನ್ನನ್ನು ಆರಿಸಲೂ ಇಲ್ಲ, ಅಲ್ಲಿಂದ ಏಳಲೂ ಇಲ್ಲ.